ಆನ್‌ಲೈನ್‌ನಲ್ಲಿ ಕಿರುಸಾಲ ಕೊಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಮ್ಮ ಹತ್ತೊಂಬತ್ತು ವರ್ಷ ಊರಿನ ಮಹಿಳಾ ಸಂಘದ ಪುಸ್ತಕ ಬರೆದವರು. ವಾರದ ಉಳಿತಾಯ ಎಷ್ಟು, ಯಾರಿಗೆ ಸಾಲ ಹೋಯಿತು, ಯಾರ ಕಂತು ಬಾಕಿ, ಎಲ್ಲವೂ ಒಂದು ಉದ್ದನೆಯ ಪುಸ್ತಕದಲ್ಲಿ ಇರುತ್ತಿತ್ತು. ನಾನು ಈಗ ಕೆಲವು ವರ್ಷಗಳಿಂದ ಫೋನಿನಲ್ಲೇ, ನನಗೆ ಗುರುತಿಲ್ಲದ ಊರುಗಳ ಹೆಣ್ಣುಮಕ್ಕಳಿಗೆ, ರೈತರಿಗೆ 500, 1,000 ರೂಪಾಯಿಯಂತೆ ಸಾಲ ಕೊಡುತ್ತಿದ್ದೇನೆ. ಇದನ್ನು ಕೇಳಿದ ಸ್ನೇಹಿತರು, ನೆಂಟರು ಒಂದೇ ಥರದ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಡೋಣ ಅನ್ನಿಸಿತು.

ಇದು ದಾನವಾ, ಹೂಡಿಕೆಯಾ?

ಎರಡೂ ಅಲ್ಲ, ಇದು ಸಾಲ. ಈ ಒಂದು ಮಾತು ತಲೆಯಲ್ಲಿ ಗಟ್ಟಿಯಾಗಿ ಕೂತರೆ ಉಳಿದದ್ದೆಲ್ಲ ಸುಲಭ. ದಾನ ಅಂದುಕೊಂಡವರು ಲೆಕ್ಕ ಕೇಳುವುದಿಲ್ಲ. ಎಫ್‌ಡಿ ಅಂದುಕೊಂಡವರು ಒಂದು ಕಂತು ತಪ್ಪಿದರೆ ಕಂಗಾಲಾಗುತ್ತಾರೆ. ಸಾಲ ಅಂದರೆ ವಾಪಸ್ ಬರಬೇಕಾದ ದುಡ್ಡು, ಬರದೆಯೂ ಇರಬಹುದಾದ ದುಡ್ಡು.

ಇದು ಶುರುವಾಗಿದ್ದು ಎಲ್ಲಿ?

ಬಡವರಿಗೆ ಒತ್ತೆ ಇಲ್ಲದೆ ಸಾಲ ಅನ್ನುವುದು ಹಳೆಯ ವಿಷಯ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ತಮ್ಮ ಜೇಬಿನಿಂದ 42 ಮಂದಿಗೆ ಒಟ್ಟು 27 ಡಾಲರ್‌ನಷ್ಟು ಸಾಲ ಕೊಟ್ಟರು. ಅದು ಬೆಳೆದು 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಕಡೆಯೂ ಏನು ಕಮ್ಮಿ ಇರಲಿಲ್ಲ. ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಸ್ವಸಹಾಯ ಸಂಘಗಳನ್ನು ಕಟ್ಟುತ್ತಿತ್ತು. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕ್‌ಗಳಿಗೆ ಜೋಡಿಸುವ ಯೋಜನೆ ತಂದಿತು. ಅಮ್ಮನ ಸಂಘದ ಪುಸ್ತಕ ಆ ಸಾಲಿಗೆ ಸೇರಿದ್ದು.

ಇಂಟರ್ನೆಟ್ ಮೂಲಕ ಸಾಮಾನ್ಯ ಜನರನ್ನು ಇದಕ್ಕೆ ಸೇರಿಸಿದ್ದು ಕೀವಾ ಎಂಬ ಜಾಲತಾಣ. ಮ್ಯಾಟ್ ಫ್ಲಾನರಿ ಮತ್ತು ಜೆಸಿಕಾ ಜಾಕ್ಲಿ ಇದನ್ನು 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದರು. ಮೊದಲ ಸಾಲಗಳು ಉಗಾಂಡದ ಟೊರೊರೊ ಪಟ್ಟಣದ ಏಳು ಮಂದಿಗೆ ಹೋದವು. ಅಲ್ಲಿ 25 ಡಾಲರ್‌ನಷ್ಟು ಸಣ್ಣ ಮೊತ್ತವನ್ನೂ ಸಾಲ ಕೊಡಬಹುದು. ಭಾರತದಲ್ಲಿ ರಾಮಕೃಷ್ಣ ಮತ್ತು ಸ್ಮಿತಾ ರಾಮ್ ದಂಪತಿ 2008ರಲ್ಲಿ ರಂಗ್ ದೇ ಎಂಬ ಇಂಥದ್ದೇ ವೇದಿಕೆ ಶುರು ಮಾಡಿದರು. ಅದರ ನೆಲೆ ಬೆಂಗಳೂರು. ಅಲ್ಲಿ 100 ರೂಪಾಯಿಯಿಂದಲೇ ಸಾಲ ಕೊಡಬಹುದು ಅನ್ನುವುದು ನನ್ನಂಥವರನ್ನು ಸೆಳೆಯಿತು. 2010ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಮಿಲಾಪ್ ಕೂಡ ಮೊದಲು ಇಂಥ ಸಾಲದ ವೇದಿಕೆಯೇ ಆಗಿತ್ತು. ಈಗ ಅದು ಹೆಚ್ಚಾಗಿ ಆಸ್ಪತ್ರೆ ಖರ್ಚಿಗೆ ದೇಣಿಗೆ ಎತ್ತುವ ಜಾಗ.

ನಾನು ಹಾಕಿದ 500 ರೂಪಾಯಿ ಯಾವ ದಾರಿಯಲ್ಲಿ ಹೋಗುತ್ತದೆ?

ಭಾರತದಲ್ಲಿ ಇಂಥ ವೇದಿಕೆಗಳಿಗೆ ರಿಸರ್ವ್ ಬ್ಯಾಂಕ್ 2017ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿತು. ಅವುಗಳ ಹೆಸರು ಎನ್‌ಬಿಎಫ್‌ಸಿ-ಪಿಟುಪಿ, ಅಂದರೆ ಒಬ್ಬರಿಂದ ಇನ್ನೊಬ್ಬರಿಗೆ ನೇರ ಸಾಲ ಕೊಡಿಸುವ, ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ. ನಿಮ್ಮ ದುಡ್ಡು ಕಂಪನಿಯ ಸ್ವಂತ ಖಾತೆಗೆ ಹೋಗುವಂತಿಲ್ಲ. ದುಡ್ಡು ದಾಟಿಸುವುದಕ್ಕಷ್ಟೇ ಎಸ್ಕ್ರೋ ಖಾತೆ ಅಂತ ಬೇರೆಯೇ ಇರಬೇಕು, ಅದನ್ನು ಬ್ಯಾಂಕ್ ಸ್ಥಾಪಿಸಿದ ಟ್ರಸ್ಟಿ ನೋಡಿಕೊಳ್ಳಬೇಕು. ನೀವು ಹಾಕುವ ದುಡ್ಡಿಗೆ ಒಂದು ಎಸ್ಕ್ರೋ, ಸಾಲ ಪಡೆದವರು ಕಟ್ಟುವ ಕಂತಿಗೆ ಇನ್ನೊಂದು. 2024ರ ಆಗಸ್ಟ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಎಸ್ಕ್ರೋಗೆ ಬಂದ ದುಡ್ಡು ಅಲ್ಲೇ ಕೊಳೆಯುವಂತಿಲ್ಲ, ಮರುದಿನದೊಳಗೆ ಹೊರಡಬೇಕು. ಎಲ್ಲವೂ ಬ್ಯಾಂಕ್ ಮೂಲಕವೇ, ನಗದು ಇಲ್ಲ. ಯಾರಾದರೂ ತಮ್ಮ ವೈಯಕ್ತಿಕ ಯುಪಿಐ ನಂಬರ್‌ಗೆ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ.

ಆದರೆ ದಾರಿಯ ಮುಖ್ಯ ಭಾಗ ಫೋನಿನಲ್ಲಿ ಕಾಣುವುದಿಲ್ಲ. ಕಿರುಸಾಲದ ವೇದಿಕೆಗಳು ಹಳ್ಳಿಯಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯ ಜೊತೆ ಕೈಜೋಡಿಸಿರುತ್ತವೆ. ಅದು ಎನ್‌ಜಿಒ ಇರಬಹುದು, ರೈತರ ಕಂಪನಿ ಇರಬಹುದು, ನೇಕಾರರ ಗುಂಪು ಇರಬಹುದು. ಮನೆಗೆ ಹೋಗಿ ಮಾತಾಡುವವರು, ದಾಖಲೆ ನೋಡುವವರು, ಕಂತು ತಪ್ಪಿದಾಗ ಯಾಕೆ ಅಂತ ಕೇಳುವವರು ಇವರೇ. ಸಾಲ ಒಳ್ಳೆಯದಾಗುವುದೂ ಕೆಡುವುದೂ ಇವರ ಕೈಯಲ್ಲಿ. ಅದಕ್ಕೇ ನಾನು ಆಪ್ ಎಷ್ಟು ಚೆನ್ನಾಗಿದೆ ಅಂತ ನೋಡುವುದಕ್ಕಿಂತ ಜಾಸ್ತಿ, ಊರಿನಲ್ಲಿರುವ ಆ ಸಂಸ್ಥೆ ಯಾವುದು, ಅಲ್ಲಿ ಎಷ್ಟು ವರ್ಷದಿಂದ ಇದೆ ಅಂತ ನೋಡುತ್ತೇನೆ.

ಫೋಟೋದಲ್ಲಿ ಇರುವ ಆ ಅಮ್ಮನಿಗೇ ನನ್ನ ದುಡ್ಡು ಹೋಗುತ್ತಾ?

ಒಳ್ಳೆಯ ಪ್ರಶ್ನೆ. ಇದೇ ಪ್ರಶ್ನೆ ಕೀವಾವನ್ನೂ ಕಾಡಿತ್ತು. 2009ರಲ್ಲಿ ಡೇವಿಡ್ ರೂಡ್ಮನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ವಿಷಯ ಬರೆದರು. ಕೀವಾದಲ್ಲಿ ಫೋಟೋ ನೋಡಿ ನೀವು ದುಡ್ಡು ಹಾಕುವ ಹೊತ್ತಿಗೆ, ಹೆಚ್ಚಿನ ಸಲ ಆ ವ್ಯಕ್ತಿಗೆ ಸ್ಥಳೀಯ ಸಂಸ್ಥೆ ಸಾಲ ಕೊಟ್ಟು ಮುಗಿಸಿರುತ್ತದೆ. ನಿಮ್ಮ ದುಡ್ಡು ಆ ಸಂಸ್ಥೆ ಖರ್ಚು ಮಾಡಿದ್ದನ್ನು ತುಂಬುತ್ತದೆ. ತುಂಬಾ ಜನಕ್ಕೆ ಬೇಜಾರಾಯಿತು. ಕೀವಾ ಅದನ್ನು ಒಪ್ಪಿಕೊಂಡು ತನ್ನ ಪುಟಗಳಲ್ಲಿ ಬಿಡಿಸಿ ಬರೆಯಿತು.

ಅದರಲ್ಲಿ ಮೋಸ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಬಿತ್ತನೆ ಬೀಜಕ್ಕೆ ದುಡ್ಡು ಬೇಕಾದವರು ಯಾವುದೋ ದೇಶದವರು ಫೋಟೋ ನೋಡುವವರೆಗೆ ಕಾಯುವುದಕ್ಕಾಗುತ್ತದಾ? ಮಳೆ ಕಾಯುವುದಿಲ್ಲ. ಆದರೆ ಅದನ್ನು ಮೊದಲೇ ಹೇಳಬೇಕು. ಭಾರತದ ಪಿಟುಪಿ ನಿಯಮ ಬೇರೆ. ಇಲ್ಲಿ ಸಾಲದ ಕರಾರು ಕೊಡುವವರು ಮತ್ತು ಪಡೆಯುವವರ ನಡುವೆಯೇ ಆಗಬೇಕು, ಯಾರಿಗೆ ಹೋಗುತ್ತದೆ ಅಂತ ನೀವು ಒಪ್ಪಿಗೆ ಕೊಟ್ಟ ಮೇಲೆಯೇ ದುಡ್ಡು ಹೊರಡಬೇಕು.

ನನಗೆ ಬಡ್ಡಿ ಎಷ್ಟು ಸಿಗುತ್ತದೆ?

ಕೀವಾದಲ್ಲಿ ಸೊನ್ನೆ. ಅಸಲು ಮಾತ್ರ ವಾಪಸ್. ಇಲ್ಲಿನ ವೇದಿಕೆಗಳಲ್ಲಿ ಸಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಬಡ್ಡಿಗಾಗಿಯೇ ಬರುವವರಿಗೆ ಬೇರೆ ಜಾಗಗಳಿವೆ, ಇದು ಆ ಜಾಗ ಅಲ್ಲ.

ಸಾಲ ಪಡೆಯುವವರು ಕಟ್ಟುವ ಬಡ್ಡಿ ಜಾಸ್ತಿ ಅನ್ನಿಸುತ್ತದೆ. ಬಡವರ ಹತ್ತಿರ ಅಷ್ಟು ತಗೊಳ್ಳೋದು ಸರಿಯಾ?

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಊರಲ್ಲಿ ಯಾರೂ ವರ್ಷಕ್ಕೆ ಶೇಕಡಾ ಇಷ್ಟು ಅನ್ನುವುದಿಲ್ಲ. "ನೂರಕ್ಕೆ ಮೂರು" ಅನ್ನುತ್ತಾರೆ. ಅಂದರೆ ತಿಂಗಳಿಗೆ ನೂರು ರೂಪಾಯಿಗೆ ಮೂರು ರೂಪಾಯಿ, ವರ್ಷಕ್ಕೆ 36. ನೂರಕ್ಕೆ ಐದು ಅಂದರೆ ವರ್ಷಕ್ಕೆ 60. ಸಂತೆಯಲ್ಲಿ ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಕೇಳುವವರ ಲೆಕ್ಕವನ್ನು ವರ್ಷಕ್ಕೆ ಗುಣಿಸಲೇಬೇಡಿ. ಕೈಸಾಲದ ಈ ದರದ ಎದುರಿಗೆ ವರ್ಷಕ್ಕೆ 15, 20 ಅನ್ನುವುದು ಹಗುರವಾಗಿಯೇ ಕಾಣುತ್ತದೆ. 20,000 ರೂಪಾಯಿ ಸಾಲಕ್ಕೂ ಮನೆಗೆ ಹೋಗಬೇಕು, ದಾಖಲೆ ಮಾಡಬೇಕು, ಪ್ರತಿ ತಿಂಗಳು ಕಂತು ನೋಡಬೇಕು. 20 ಲಕ್ಷದ ಸಾಲಕ್ಕೂ ಹೆಚ್ಚು ಕಡಿಮೆ ಅಷ್ಟೇ ಓಡಾಟ. ಆ ಖರ್ಚು ಎಲ್ಲಿಂದಾದರೂ ಬರಲೇಬೇಕು.

ಆದರೆ ಒಂದು ಕಡೆ ಎಚ್ಚರ ಬೇಕು. ಫ್ಲಾಟ್ ಬಡ್ಡಿ ಅಂತ ಒಂದಿದೆ. 50,000 ಸಾಲ, ಫ್ಲಾಟ್ ಶೇ. 12, ಎರಡು ವರ್ಷ ಅಂದರು ಅಂತಿಟ್ಟುಕೊಳ್ಳಿ. ಬಡ್ಡಿ 12,000, ಒಟ್ಟು 62,000, ತಿಂಗಳಿಗೆ 2,583 ರೂಪಾಯಿ ಕಂತು. ಕೇಳುವುದಕ್ಕೆ ಶೇ. 12. ಆದರೆ ಪ್ರತಿ ತಿಂಗಳು ಅಸಲು ಕರಗುತ್ತಾ ಬಂದಿದೆ, ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ಬೀಳುತ್ತಿದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಸುಮಾರು ಶೇ. 21.6 ಆಗುತ್ತದೆ. ಯಾವುದೇ ವೇದಿಕೆಯಲ್ಲಿ ದರ ಕಂಡಾಗ ಫ್ಲಾಟೋ, ಇಳಿಯುವ ಅಸಲಿನ ಮೇಲೋ, ಸೇವಾ ಶುಲ್ಕ ಸೇರಿ ಎಷ್ಟು ಅಂತ ಕೇಳಿ. ನಿಮಗಾಗಿ ಅಲ್ಲ, ಆ ಕಂತು ಕಟ್ಟುವ ಮನೆಗಾಗಿ ಕೇಳಿ. ಉತ್ತರ ಸಿಗದಿದ್ದರೆ ನಾನು ದುಡ್ಡು ಹಾಕುವುದಿಲ್ಲ.

ದುಡ್ಡು ವಾಪಸ್ ಬರದಿದ್ದರೆ ಯಾರು ಹೊಣೆ?

ನೀವೇ. ವೇದಿಕೆ ನಿಮ್ಮ ನಷ್ಟ ತುಂಬಿಕೊಡುವಂತಿಲ್ಲ, ಗ್ಯಾರಂಟಿ ಕೊಡುವಂತಿಲ್ಲ. ಅದು ನಿಯಮವೇ. ಒಡವೆ, ಜಮೀನು ಒತ್ತೆ ಇಟ್ಟುಕೊಳ್ಳುವ ಹಾಗೂ ಇಲ್ಲ.

ಒಂದು ಲೆಕ್ಕ ನೋಡಿ. ನಿಮ್ಮ ಹತ್ತಿರ 10,000 ರೂಪಾಯಿ ಇದೆ. 20 ಜನರಿಗೆ 500ರಂತೆ, ಶೇ. 8 ಬಡ್ಡಿಗೆ, ಒಂದು ವರ್ಷಕ್ಕೆ ಕೊಟ್ಟಿರಿ. ತಿಂಗಳ ಕಂತಿನಲ್ಲಿ ಎಲ್ಲರೂ ಪೂರ್ತಿ ಕಟ್ಟಿದರೆ ವರ್ಷದ ಕೊನೆಗೆ ಕೈಗೆ ಬರುವುದು ಸುಮಾರು 10,438. 800 ಅಲ್ಲ, 438 ಮಾತ್ರ ಬಡ್ಡಿ. ಅಸಲು ತಿಂಗಳು ತಿಂಗಳು ವಾಪಸ್ ಬರುತ್ತಿರುತ್ತದಲ್ಲ, ಅದಕ್ಕೆ. ಈಗ 20ರಲ್ಲಿ ಒಬ್ಬರು ಮಾತ್ರ ಒಂದು ಕಂತೂ ಕಟ್ಟಲಿಲ್ಲ ಅನ್ನಿ. ಬರುವುದು ಸುಮಾರು 9,917. ಒಬ್ಬರಿಗೇ ಇಡೀ ಬಡ್ಡಿ ಹೋಗಿ ಅಸಲಲ್ಲೂ 83 ರೂಪಾಯಿ ಕಡಿಮೆ ಬಿತ್ತು. ವೇದಿಕೆಯ ಶುಲ್ಕ ಇದರಲ್ಲಿ ಸೇರಿಲ್ಲ. ಅದೇ 10,000 ಒಬ್ಬರಿಗೇ ಕೊಟ್ಟಿದ್ದು, ಅವರೇ ಕಟ್ಟದಿದ್ದರೆ? ಹಾಗಾಗಿ ಹಂಚಿ ಕೊಡಿ, ಮತ್ತು ಹೋದರೂ ಮನೆ ನಡೆಯುವಷ್ಟು ದುಡ್ಡನ್ನು ಮಾತ್ರ ಕೊಡಿ.

ನಾನು ಹಸು ಕೊಳ್ಳಲು ಕೊಟ್ಟ ಒಂದು ಸಾಲ ನಾಲ್ಕು ಕಂತಿಗೆ ನಿಂತುಹೋಯಿತು. ವೇದಿಕೆಯಿಂದ ಐದು ತಿಂಗಳು "ಕಂತು ವಿಳಂಬವಾಗಿದೆ" ಅನ್ನುವ ಒಂದೇ ಸಾಲು ಬರುತ್ತಿತ್ತು. ಕೊನೆಗೆ ಬರೆದು ಕೇಳಿದಾಗ ಗೊತ್ತಾಯಿತು, ಹಸು ಸತ್ತಿತ್ತು. ವಿಮೆ ಮಾಡಿಸಿರಲಿಲ್ಲ. ದುಡ್ಡು ಹೋದದ್ದಕ್ಕಿಂತ, ಐದು ತಿಂಗಳು ಆ ಮನೆಯ ಕಷ್ಟ ಯಾರೂ ಹೇಳಲಿಲ್ಲವಲ್ಲ ಅನ್ನುವುದು ಜಾಸ್ತಿ ಚುಚ್ಚಿತು.

ಆರ್‌ಬಿಐ ನೋಂದಣಿ ಇದೆ ಅಂದರೆ ದುಡ್ಡು ಭದ್ರ ತಾನೆ?

ಅಲ್ಲ. ನೋಂದಣಿ ಅಂದರೆ ವೇದಿಕೆ ನಿಯಮದೊಳಗೆ ಇದೆ ಅಂತಷ್ಟೇ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇರುತ್ತದಲ್ಲ, ಅದು ಇಲ್ಲಿ ಇಲ್ಲ. ಆದರೂ ನೋಂದಣಿ ಇಲ್ಲದ ಕಡೆ ಒಂದು ರೂಪಾಯಿಯೂ ಬೇಡ. ಆರ್‌ಬಿಐ ಜಾಲತಾಣದಲ್ಲಿ ಎನ್‌ಬಿಎಫ್‌ಸಿ-ಪಿಟುಪಿ ಕಂಪನಿಗಳ ಪಟ್ಟಿ ಸಿಗುತ್ತದೆ. ಆಪ್‌ನ ಹೆಸರು ಬೇರೆ, ಕಂಪನಿಯ ಹೆಸರು ಬೇರೆ ಇರುವುದುಂಟು. ಕಂಪನಿಯ ಹೆಸರನ್ನೇ ಹುಡುಕಿ.

ಇನ್ನೊಂದು ಉಪಯೋಗದ ವಿಷಯ: ಎಷ್ಟು ಸಾಲ ವಸೂಲಾಗದೆ ಉಳಿದಿದೆ, ದುಡ್ಡು ಕೊಟ್ಟವರಿಗೆ ಎಷ್ಟು ನಷ್ಟವಾಗಿದೆ ಅಂತ ವೇದಿಕೆಗಳು ಪ್ರತಿ ತಿಂಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಹುಡುಕಿದರೆ ಸಿಗಬೇಕು. ಸಿಗದಿದ್ದರೆ ಅದೇ ಒಂದು ಉತ್ತರ.

ಎಷ್ಟು ದುಡ್ಡು ಹಾಕಬಹುದು?

ಎಲ್ಲಾ ಪಿಟುಪಿ ವೇದಿಕೆ ಸೇರಿ ಒಬ್ಬರು 50 ಲಕ್ಷದವರೆಗೆ. 10 ಲಕ್ಷ ದಾಟಿದರೆ, ಸಾಲ ಕಳೆದು ನಿಮ್ಮ ಆಸ್ತಿ ಮೌಲ್ಯ ಕನಿಷ್ಠ 50 ಲಕ್ಷ ಇದೆ ಅಂತ ಸಿಎ ಪತ್ರ ಬೇಕು. ಒಬ್ಬ ಸಾಲಗಾರರಿಗೆ ಒಬ್ಬರು 50,000ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅವಧಿ 36 ತಿಂಗಳು ಮೀರುವಂತಿಲ್ಲ. ನಮ್ಮಂಥವರಿಗೆ ಈ ಮಿತಿಗಳು ಹತ್ತಿರವೂ ಬರುವುದಿಲ್ಲ ಬಿಡಿ.

ನಡುವೆ ಅರ್ಜೆಂಟಾಗಿ ದುಡ್ಡು ಬೇಕಾದರೆ ತೆಗೆಯಬಹುದಾ?

ಇಲ್ಲ. ಕಂತು ಬಂದಷ್ಟೇ ನಿಮ್ಮದು.

"ಯಾವಾಗ ಬೇಕಾದರೂ ತೆಗೆಯಿರಿ, ಖಚಿತ ಆದಾಯ" ಅಂತ ಒಂದು ಜಾಹೀರಾತು ನೋಡಿದೆ?

ಹಿಂದೆ ಕೆಲವು ಪಿಟುಪಿ ಕಂಪನಿಗಳು ಇದನ್ನು ಎಫ್‌ಡಿ ಥರ ಮಾರುತ್ತಿದ್ದವು. ದುಡ್ಡು ತೆಗೆದು ಹೊರಟವರಿಗೆ ಹೊಸಬರ ದುಡ್ಡು ಕೊಟ್ಟು ಸರಿದೂಗಿಸುತ್ತಿದ್ದವು. 2024ರ ನಿಯಮ ಬಂದದ್ದೇ ಇದನ್ನು ನಿಲ್ಲಿಸುವುದಕ್ಕೆ. ಈಗಲೂ ಯಾರಾದರೂ ಖಚಿತ ಅಂದರೆ, ಅದು ಸುಳ್ಳು. ಆರ್‌ಬಿಐನ ಸಚೇತ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ವಿದೇಶದಲ್ಲಿದ್ದೇನೆ. ನಮ್ಮೂರಿನ ಕಡೆಯವರಿಗೆ ಕೊಡಬಹುದಾ?

ಭಾರತದ ಪಿಟುಪಿ ವೇದಿಕೆಗಳ ಮೂಲಕ ದೇಶದ ಗಡಿ ದಾಟಿ ದುಡ್ಡು ಹರಿಯುವಂತಿಲ್ಲ. ಇಲ್ಲೇ ಬ್ಯಾಂಕ್ ಖಾತೆ ಇರುವ ಅನಿವಾಸಿಗಳನ್ನು ಸೇರಿಸಿಕೊಳ್ಳುತ್ತಾರಾ ಅಂತ ಆಯಾ ವೇದಿಕೆಯನ್ನೇ ಕೇಳಬೇಕು. ಕೀವಾದಂಥದ್ದು ನಿಮಗೆ ಸುಲಭ.

ಕರ್ನಾಟಕದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಜನ ಊರು ಬಿಟ್ಟರು, ಜೀವ ಕಳೆದುಕೊಂಡರು. ನಾನು ದುಡ್ಡು ಹಾಕಿದರೆ ಅದರಲ್ಲಿ ನನಗೂ ಪಾಲು ಬರುವುದಿಲ್ವಾ?

ಈ ಪ್ರಶ್ನೆ ಕೇಳಿದವರನ್ನು ನಾನು ಗೌರವಿಸುತ್ತೇನೆ. ನನ್ನನ್ನೂ ಇದು ರಾತ್ರಿ ಎಬ್ಬಿಸಿದ ಪ್ರಶ್ನೆ.

ಇದು ಮೊದಲ ಸಲವಲ್ಲ. 2009ರಲ್ಲಿ ಕೋಲಾರದಲ್ಲಿ ಸಾವಿರಾರು ಜನ ಕಂತು ಕಟ್ಟುವುದನ್ನೇ ನಿಲ್ಲಿಸಿದ್ದರು. 2010ರಲ್ಲಿ ಆಂಧ್ರಪ್ರದೇಶದಲ್ಲಿ ಆತ್ಮಹತ್ಯೆಗಳ ಸುದ್ದಿ ಬಂದ ಮೇಲೆ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಇಡೀ ದೇಶದ ಕಿರುಸಾಲ ಅಲ್ಲಾಡಿತು. 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಎಲ್ಲಾ ಕಡೆ ಕಥೆ ಒಂದೇ. ಒಂದೇ ಮನೆಗೆ ನಾಲ್ಕೈದು ಕಡೆಯಿಂದ ಸಾಲ. ಸೋಮವಾರದ ಕಂತಿಗೆ ಬುಧವಾರದ ಸಾಲ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು, ಹಾಗಾಗಿ ಅಕ್ಕಪಕ್ಕದವರೇ ಬಾಗಿಲಿಗೆ ಬಂದು ಕೂರುತ್ತಾರೆ. ಗುಂಪಿನ ನಂಬಿಕೆಯ ಮೇಲೆ ಶುರುವಾದ ಸಾಲ, ಗುಂಪಿನ ಮರ್ಯಾದೆಯನ್ನೇ ಹಗ್ಗ ಮಾಡಿಕೊಂಡಿತು. ಅಮ್ಮನ ಸಂಘದಲ್ಲೂ ಕಂತು ತಪ್ಪುತ್ತಿತ್ತು. ಆದರೆ ಅಲ್ಲಿ ಕಂತು ತಪ್ಪಿದವಳ ಮನೆಯಲ್ಲಿ ಏನಾಗಿದೆ ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಮೂರು ತಿಂಗಳು ಬಿಡಿ ಅಂತ ಬರೆಯಲು ಪುಸ್ತಕದಲ್ಲಿ ಜಾಗ ಇರುತ್ತಿತ್ತು.

ಆರ್‌ಬಿಐ 2022ರಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಮಾಡಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಮನೆಗೆ ಒತ್ತೆ ಇಲ್ಲದ ಸಾಲ. ಎಲ್ಲಾ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡಬಾರದು. ನಿಮ್ಮ ವೇದಿಕೆಗೆ ಈ ನಿಯಮ ನೇರ ಅನ್ವಯಿಸಲಿ ಬಿಡಲಿ, ಇದನ್ನೇ ಅಳತೆಗೋಲು ಮಾಡಿಕೊಂಡು ಮೂರು ಪ್ರಶ್ನೆ ಕೇಳಿ. ಈ ಮನೆಗೆ ಬೇರೆ ಎಷ್ಟು ಸಾಲ ಇದೆ ಅಂತ ನೋಡಿದ್ದೀರಾ? ಕಂತು ತಪ್ಪಿದರೆ ಮನೆಗೆ ಹೋಗುವವರು ಯಾರು, ಏನು ಹೇಳುತ್ತಾರೆ? ನಿಜವಾದ ಕಷ್ಟ ಬಂದರೆ ಸಾಲದ ಅವಧಿ ಮುಂದೂಡುತ್ತೀರಾ?

"ನಮ್ಮಲ್ಲಿ ನೂರಕ್ಕೆ ನೂರು ವಸೂಲಿ" ಅಂತ ಹೆಮ್ಮೆಪಡುವವರನ್ನು ಕಂಡರೆ ನನಗೆ ಭಯ. ಮಳೆ ಕೈಕೊಡುವ ದೇಶದಲ್ಲಿ ನೂರಕ್ಕೆ ನೂರು ಹೇಗೆ ಬರುತ್ತದೆ, ಹೇಳಿ?

ಯಾರಿಗೆ ಕೊಡಬೇಕು ಅಂತ ಹೇಗೆ ಆರಿಸೋದು?

ಫೋಟೋ ನೋಡಿ ಆರಿಸಬೇಡಿ. ದುಡ್ಡು ಬರುವ ತಾಳ, ಕಂತಿನ ತಾಳ ಹೊಂದುತ್ತದಾ ನೋಡಿ. ಹಸು ಇದ್ದವರಿಗೆ ಡೇರಿ ಬಟವಾಡೆ ಆಗಾಗ ಬರುತ್ತಿರುತ್ತದೆ, ತಿಂಗಳ ಕಂತು ಕಟ್ಟಬಹುದು. ರಾಗಿ ಬೆಳೆಯುವವರಿಗೆ ದುಡ್ಡು ಬರುವುದು ಸುಗ್ಗಿಯಲ್ಲಿ. ಅವರಿಗೆ ಬಿತ್ತಿದ ತಿಂಗಳಿಂದಲೇ ಕಂತು ಅಂದರೆ, ಆ ಕಂತು ಇನ್ನೊಂದು ಕೈಸಾಲದಿಂದಲೇ ಬರಬೇಕು. ಸುಗ್ಗಿ ಮುಗಿದ ಮೇಲೆ ಒಟ್ಟಿಗೆ ಕಟ್ಟುವ ಸಾಲ ಇದ್ದರೆ ರೈತರಿಗೆ ಅದೇ ವಾಸಿ. ಹಸು, ಕುರಿಗೆ ಸಾಲ ಅಂದರೆ ವಿಮೆ ಇದೆಯಾ ಕೇಳಿ, ನನ್ನ ಹಾಗೆ ಆಮೇಲೆ ಕೇಳಬೇಡಿ. ಮೊದಲೇ ಮಾಡುತ್ತಿರುವ ಕಸುಬನ್ನು ದೊಡ್ಡದು ಮಾಡುವವರಿಗೆ ಕೊಡುವುದು ನನಗೆ ಧೈರ್ಯ. ಹೊಲಿಗೆ ಗೊತ್ತಿರುವವಳಿಗೆ ಎರಡನೇ ಯಂತ್ರ, ಹೀಗೆ.

ಸಾಲ ಪಡೆದವರಿಗೆ ನಾನೇ ಫೋನ್ ಮಾಡಿ ಮಾತಾಡಬಹುದಾ?

ಬೇಡ. ನಿಮಗೆ ಅದು ಪ್ರೀತಿಯ ಮಾತು. ಅವರಿಗೆ ಸಾಲ ಕೊಟ್ಟವರ ಫೋನ್.

ಇದರಿಂದ ಬಡತನ ಹೋಗುತ್ತದಾ?

ಇಲ್ಲ. ಹಾಗೆ ಹೇಳಿದವರನ್ನು ನಂಬಬೇಡಿ. ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಹೈದರಾಬಾದಿನ ಬಡಾವಣೆಗಳಲ್ಲಿ ಮಾಡಿದ್ದೂ ಅದರಲ್ಲಿ ಒಂದು. ಕಿರುಸಾಲದಿಂದ ಬದುಕು ಪೂರ್ತಿ ಬದಲಾಗುವುದಿಲ್ಲ, ಕೆಲವರ ವ್ಯಾಪಾರ ಸ್ವಲ್ಪ ಬೆಳೆಯುತ್ತದೆ, ಸರಾಸರಿ ಮನೆಯ ಆದಾಯ ಅಷ್ಟೇನೂ ಏರುವುದಿಲ್ಲ ಅನ್ನುವುದು ಒಟ್ಟು ಸಾರ. ಮತ್ತೆ ನಾನ್ಯಾಕೆ ಕೊಡುತ್ತೇನೆ? ನೂರಕ್ಕೆ ಐದು ಕಟ್ಟುವವರಿಗೆ ಅದಕ್ಕಿಂತ ಕಡಿಮೆಗೆ, ಮರ್ಯಾದೆಯಿಂದ ದುಡ್ಡು ಸಿಕ್ಕರೆ ಆ ಉಳಿತಾಯ ಮಾತ್ರ ನಿಜ. ಅಷ್ಟು ಸಾಕು ನನಗೆ.

ನಮ್ಮ ಅತ್ತಿಗೆಗೆ ಟೈಲರಿಂಗ್ ಅಂಗಡಿಗೆ ಸಾಲ ಬೇಕು. ಇಲ್ಲಿ ಸಿಗುತ್ತಾ?

ಮೊದಲು ಊರಿನ ಸ್ವಸಹಾಯ ಸಂಘದಲ್ಲಿ ಕೇಳಲಿ. ಬ್ಯಾಂಕ್‌ಗೆ ಜೋಡಿಸಿದ ಸಂಘದ ಸಾಲಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಆಮೇಲೆ ಮುದ್ರಾ ಸಾಲದ ಬಗ್ಗೆ ಬ್ಯಾಂಕಿನಲ್ಲಿ ವಿಚಾರಿಸಲಿ. ಕಿರುಸಾಲದ ವೇದಿಕೆಗಳು ಹೆಚ್ಚಾಗಿ ತಮ್ಮ ಜೊತೆಗಿರುವ ಸಂಸ್ಥೆ ಕೆಲಸ ಮಾಡುವ ಊರುಗಳಲ್ಲಷ್ಟೇ ಕೊಡುತ್ತವೆ. ಐದು ನಿಮಿಷದಲ್ಲಿ ಸಾಲ ಅನ್ನುವ ಆಪ್‌ಗಳನ್ನು ಮಾತ್ರ ಮುಟ್ಟುವುದು ಬೇಡ ಅಂತ ಹೇಳಿ.

ತೆರಿಗೆ ಕಟ್ಟಬೇಕಾ?

ಬಂದ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ. ರಿಟರ್ನ್ಸ್‌ನಲ್ಲಿ ತೋರಿಸಿ.

ಶುರು ಮಾಡಲು ಏನೇನು ಬೇಕು?

ಪ್ಯಾನ್, ಆಧಾರ್, ನಿಮ್ಮ ಹೆಸರಿನ ಬ್ಯಾಂಕ್ ಖಾತೆ. ಕರಾರು ಪತ್ರ ಓದುವುದಕ್ಕೆ ಅರ್ಧ ಗಂಟೆ. ಮೊದಲ ವರ್ಷ ಸಣ್ಣ ಮೊತ್ತ ಸಾಕು, ಒಂದು ಸಾಲ ಶುರುವಾಗಿ ಮುಗಿಯುವುದನ್ನು ಪೂರ್ತಿ ನೋಡಿ.

ಮೊದಲ ಕಂತು ಬಂತು, 43 ರೂಪಾಯಿ. ಏನು ಮಾಡಲಿ?

500 ರೂಪಾಯಿ, ಒಂದು ವರ್ಷ, ಶೇ. 8 ಆದರೆ ತಿಂಗಳಿಗೆ ಬರುವುದು ಅಷ್ಟೇ. ಮೂರು ಕಂತು ಸೇರಲಿ, 100 ದಾಟುತ್ತದೆ. ಆಗ ಇನ್ನೊಬ್ಬರಿಗೆ ಕೊಡಬಹುದು. ನಾನು ಹಾಗೇ ಮಾಡುತ್ತೇನೆ, ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಊರು, ಕಂತು ಬರೆದಿಡುತ್ತೇನೆ. ಆಪ್‌ನಲ್ಲಿ ಎಲ್ಲಾ ಇರುತ್ತದಲ್ಲ ಅಂತ ಮಗಳು ಕೇಳುತ್ತಾಳೆ. ಕೊನೆಯ ಕಾಲಂ ಆಪ್‌ನಲ್ಲಿ ಇಲ್ಲ. ಕಂತು ತಪ್ಪಿದರೆ ಯಾಕೆ ಅಂತ ಕೇಳಿ ಬರೆಯುವುದಕ್ಕೆ ಆ ಕಾಲಂ.